ಸ್ಟ್ರಿಂಗ್ ನಕಲಿನ ಸಾಲಿಗೆ ಸಿ ಕಂಪೈಲರ್ ಎಚ್ಚರಿಸಿದರೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ವರ್ಷಗಟ್ಟಲೆ ಸದ್ದಿಲ್ಲದೆ ಕಂಪೈಲ್ ಆಗುತ್ತಿದ್ದ ಸಿ ಕೋಡು, ಕಂಪೈಲರ್‌ನ ಆವೃತ್ತಿ ಬದಲಾದ ಕೂಡಲೇ ಪುಟಗಟ್ಟಲೆ ಎಚ್ಚರಿಕೆಗಳನ್ನು ಕಾರತೊಡಗುತ್ತದೆ. ಕೋಡಿನಲ್ಲಿ ಒಂದು ಸಾಲೂ ಬದಲಾಗಿರುವುದಿಲ್ಲ. ಗ್ನು ಯೋಜನೆಯ ಕಂಪೈಲರ್ ಜಿಸಿಸಿಯನ್ನೇ ನೋಡಿ. 2017ರ ಜಿಸಿಸಿ 7, ಗುರಿಯ (ಅಂದರೆ ನಕಲು ಹೋಗಿ ಕೂರುವ) ಜಾಗ ಮೀರಿ ಬರೆಯುವುದನ್ನು ಹಿಡಿಯುವ ‘ಸ್ಟ್ರಿಂಗ್‌ಆಪ್-ಓವರ್‌ಫ್ಲೋ’ ಎಚ್ಚರಿಕೆಯನ್ನು ತಂದಿತು. ಮರುವರ್ಷದ ಜಿಸಿಸಿ 8, ಸ್ಟ್ರಿಂಗು ಬಾಲ ಕಳೆದುಕೊಳ್ಳುವುದನ್ನು ಹಿಡಿಯುವ ‘ಸ್ಟ್ರಿಂಗ್‌ಆಪ್-ಟ್ರಂಕೇಶನ್’ ಅನ್ನು ಸೇರಿಸಿತು. 2025ರ ಜಿಸಿಸಿ 15 ಇನ್ನೊಂದನ್ನು ಕೂಡಿಸಿದೆ. ಮೊದಲು ಯಾರೂ ನೋಡದಿದ್ದ ಮೂಲೆಗಳನ್ನು ಈಗ ಕಂಪೈಲರ್ ಇಣುಕಿ ನೋಡುತ್ತಿದೆ, ಅಷ್ಟೇ.

ಈ ಎಚ್ಚರಿಕೆಗಳ ಮಾತು ಬೇರೆ ಬೇರೆಯಾದರೂ ಅವು ಕೇಳುವುದು ಎರಡೇ ಪ್ರಶ್ನೆ. ಗುರಿಯ ಜಾಗದಲ್ಲಿ ಇರಬೇಕಾದದ್ದು ಮುಗಿಯಿತು ಎಂಬ ಗುರುತಾಗಿ ಕೊನೆಯಲ್ಲಿ ನಲ್ ಬೈಟ್ (ಬೆಲೆ ಶೂನ್ಯ) ಇರುವ ಸ್ಟ್ರಿಂಗೋ, ಅಥವಾ ಇಂತಿಷ್ಟೇ ಬೈಟ್ ಎಂದು ಅಳತೆ ಗೊತ್ತಾದ ಅಂಕಣವೋ? ಹಿಡಿಸದಿದ್ದರೆ ಏನು ಮಾಡಬೇಕು: ಕತ್ತರಿಸಬೇಕೋ, ನಿರಾಕರಿಸಬೇಕೋ, ದೊಡ್ಡ ಜಾಗ ಕೊಡಬೇಕೋ? ಈ ಎರಡಕ್ಕೂ ಉತ್ತರ ಕಂಪೈಲರ್‌ಗೆ ಗೊತ್ತಿಲ್ಲ. ಕೋಡು ಬರೆದವರಿಗೆ ಗೊತ್ತಿರಬೇಕು. ಉತ್ತರ ಕೊಡದೆ ಎಚ್ಚರಿಕೆಯ ಬಾಯಿ ಮಾತ್ರ ಮುಚ್ಚಿಸುವ ತಿದ್ದುಪಡಿಗಳು ಮುಂದೆ ಹೆಚ್ಚಿನ ತೊಂದರೆ ತರುತ್ತವೆ.

ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆಯೇ ಬರೆದಿದೆ: ನಲ್ ಸಿಗುವವರೆಗೆ ನಕಲಿಸುವ ಸ್ಟ್ರ್‌ಕಾಪಿ, ಕೊಟ್ಟ ಮಿತಿಯವರೆಗೆ ನಕಲಿಸುವ ಸ್ಟ್ರ್‌ಎನ್‌ಕಾಪಿ, ಫಾರ್ಮ್ಯಾಟ್‌ನಂತೆ ಪಠ್ಯ ಜೋಡಿಸಿ ಮಿತಿಯೊಳಗೆ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಹೀಗೆ.

ಕೈ ಹಾಕುವ ಮೊದಲು

ಮೊದಲು ಎಚ್ಚರಿಕೆಯನ್ನು ಪೂರ್ತಿ ಓದಿ. ಮೊದಲ ಸಾಲಿಗಿಂತ ಅದರ ಕೆಳಗಿನ ಟಿಪ್ಪಣಿ ಸಾಲುಗಳಲ್ಲಿ ಹೆಚ್ಚು ವಿಷಯ ಇರುತ್ತದೆ: ಗುರಿಯ ಅರೇ ಯಾವುದು, ಅದರ ಅಳತೆ ಎಷ್ಟು, ಉದ್ದವನ್ನು ಯಾವ ಸಾಲಿನಲ್ಲಿ ಲೆಕ್ಕ ಹಾಕಲಾಗಿದೆ, ಯಾವ ಫಂಕ್ಷನ್ ಯಾವುದರೊಳಗೆ ಇನ್‌ಲೈನ್ ಆಗಿದೆ (ಕರೆಯ ಬದಲು ಅದರ ಕೋಡೇ ಅಲ್ಲಿ ಸೇರಿದೆ). ಕೊನೆಯ ಚೌಕ ಆವರಣದಲ್ಲಿರುವ ಫ್ಲಾಗಿನ ಹೆಸರನ್ನು ಗುರುತು ಹಾಕಿಕೊಳ್ಳಿ. ಕೆಳಗಿನ ಯಾವ ಭಾಗ ನಿಮಗೆ ಬೇಕು ಎಂಬುದನ್ನು ಅದೇ ಹೇಳುತ್ತದೆ.

ಎರಡು ಕಟ್ಟುನಿಟ್ಟು. ಎಚ್ಚರಿಕೆ ತಿದ್ದುವ ಬದಲಾವಣೆಗಳನ್ನು ಬೇರೆ ಕೆಲಸದ ಜೊತೆ ಬೆರೆಸದೆ ಪ್ರತ್ಯೇಕ ಕಮಿಟ್ ಮಾಡಿ. ಇಡೀ ಯೋಜನೆಯಲ್ಲಿ ಸ್ಟ್ರ್‌ಎನ್‌ಕಾಪಿ ಹುಡುಕಿ, ಒಂದೇ ಏಟಿಗೆ ಇನ್ನೊಂದು ಫಂಕ್ಷನ್ ಇಡುವ ಕೆಲಸಕ್ಕೆ ಹೋಗಬೇಡಿ. ಪ್ರತಿಯೊಂದು ಕರೆಯ ಉದ್ದೇಶ ಬೇರೆ.

ಲಕ್ಷಣ: ಫಂಕ್ಷನ್ ಘೋಷಣೆಯಾಗಿಲ್ಲ ಎನ್ನುತ್ತದೆ

ಇದು ಅತಿ ಅಗ್ಗದ ದೋಷ. ಸ್ಟ್ರಿಂಗ್ ಹೆಡರ್ ಫೈಲ್ ಸೇರಿಸುವುದು ಮರೆತಿದೆ. ಹಳೆಯ ಕಂಪೈಲರ್‌ಗಳು ಇಲ್ಲಿ ಗೊಣಗಿ ಸುಮ್ಮನಾಗುತ್ತಿದ್ದವು. 2024ರ ಜಿಸಿಸಿ 14ರಿಂದ ಇದು ನೇರವಾಗಿ ತಪ್ಪು, ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಹೆಡರ್ ಇದ್ದೂ ಈ ದೂರು ಬಂದರೆ ಸಿ ಮಾನಕದ ಫ್ಲಾಗ್ ನೋಡಿ. ಸಿ99 ಅಥವಾ ಸಿ11 ಎಂದು ಕಟ್ಟುನಿಟ್ಟಾಗಿ ಕೇಳಿದಾಗ ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿ, ಸ್ಟ್ರಿಂಗಿನ ಹೊಸ ಪ್ರತಿ ಮಾಡಿಕೊಡುವ ಸ್ಟ್ರ್‌ಡಪ್‌ನಂತಹ ಫಂಕ್ಷನ್‌ಗಳನ್ನು ಮರೆಮಾಡುತ್ತದೆ. ಗ್ನು ವಿಸ್ತರಣೆಯ ಮಾನಕ ಆರಿಸಿದರೆ ಅಥವಾ ಸರಿಯಾದ ಫೀಚರ್ ಮ್ಯಾಕ್ರೋ ಇಟ್ಟರೆ ಸರಿಹೋಗುತ್ತದೆ. ಇದನ್ನು ಸಣ್ಣದೆಂದು ಬಿಡಬೇಡಿ. ಬಿಲ್ಡ್ ನಿಲ್ಲಿಸದ ಹಳೆಯ ಕಂಪೈಲರ್‌ನಲ್ಲಿ, ಘೋಷಣೆ ಕಾಣದ ಸ್ಟ್ರ್‌ಡಪ್ 64 ಬಿಟ್ ಯಂತ್ರದಲ್ಲಿ ಪಾಯಿಂಟರ್‌ನ ಅರ್ಧವನ್ನು ಕಳೆದುಕೊಂಡು ವಾಪಸು ಬರುತ್ತದೆ. ಪ್ರೋಗ್ರಾಂ ಸಾಯುವುದು ಮಾತ್ರ ಬೇರೆಲ್ಲೋ ದೂರದಲ್ಲಿ.

ಲಕ್ಷಣ: ಒಂದು ಬಿಲ್ಡ್‌ನಲ್ಲಿ ಎಚ್ಚರಿಕೆ, ಇನ್ನೊಂದರಲ್ಲಿ ಇಲ್ಲ

ಈ ಎಚ್ಚರಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಕಂಪೈಲರ್‌ನ ಆಪ್ಟಿಮೈಸೇಶನ್ ಹಂತದಲ್ಲಿ. ಡೀಬಗ್ ಬಿಲ್ಡ್‌ನ ಓ0 ಮಟ್ಟದಲ್ಲಿ, ಅಂದರೆ ಆಪ್ಟಿಮೈಸೇಶನ್ ಇಲ್ಲದಾಗ, ಕಂಪೈಲರ್ ಫಂಕ್ಷನ್‌ಗಳನ್ನು ಒಂದರೊಳಗೊಂದು ಇನ್‌ಲೈನ್ ಮಾಡುವುದಿಲ್ಲ, ಬೆಲೆಗಳ ವ್ಯಾಪ್ತಿಯನ್ನು ಅಂದಾಜಿಸುವುದೂ ಇಲ್ಲ. ಹಾಗಾಗಿ ನಿಮ್ಮ ಯಂತ್ರದಲ್ಲಿ ಶುಭ್ರ, ಓ2ನಲ್ಲಿ ಕಟ್ಟುವ ಸರ್ವರ್‌ನಲ್ಲಿ ಹತ್ತು ದೂರು ಎಂಬ ಪರಿಸ್ಥಿತಿ ಬರುತ್ತದೆ. ಸರ್ವರ್‌ನಲ್ಲಿ ಎಚ್ಚರಿಕೆಯನ್ನೇ ತಪ್ಪೆಂದು ಎಣಿಸುವ ಡಬ್ಲ್ಯೂ-ಎರರ್ ಫ್ಲಾಗ್ ಇದ್ದರಂತೂ ಅಲ್ಲಿ ಬಿಲ್ಡ್ ಮುರಿಯುತ್ತದೆ, ಇಲ್ಲಿ ಯಾರಿಗೂ ಕಾರಣ ತಿಳಿಯುವುದಿಲ್ಲ.

ಪರೀಕ್ಷೆ ಸುಲಭ: ಅದೇ ಫೈಲನ್ನು ಓ2 ಮತ್ತು ಸಾಮಾನ್ಯ ಎಚ್ಚರಿಕೆಗಳನ್ನು ಚಾಲೂ ಮಾಡುವ ಡಬ್ಲ್ಯೂ-ಆಲ್ ಫ್ಲಾಗ್ ಜೊತೆ ಕಂಪೈಲ್ ಮಾಡಿ. ಆಗಲೂ ಕಾಣದಿದ್ದರೆ ಎರಡೂ ಕಡೆಯ ಕಂಪೈಲರ್ ಆವೃತ್ತಿ ಹೋಲಿಸಿ. ಫೈಲುಗಳೆಲ್ಲ ಶುಭ್ರವಾಗಿ ಕಂಪೈಲ್ ಆಗಿ, ಲಿಂಕ್ ಮಾಡುವಾಗ ಎಚ್ಚರಿಕೆ ಬಂದರೆ ಲಿಂಕ್ ಹಂತದ ಆಪ್ಟಿಮೈಸೇಶನ್ ಚಾಲೂ ಇದೆ ಎಂದರ್ಥ. ಆಗ ಕಂಪೈಲರ್‌ಗೆ ಎರಡು ಫೈಲುಗಳ ಒಳಗೂ ಒಟ್ಟಿಗೆ ಕಾಣುತ್ತದೆ. ಅಂತಹ ದೂರಿಗೆ ಹೆಚ್ಚು ಬೆಲೆ ಕೊಡಿ; ಮನುಷ್ಯರು ಕೋಡು ಪರಿಶೀಲಿಸುವಾಗ ಫೈಲಿನ ಗಡಿ ದಾಟಿ ನೋಡುವುದು ಕಡಿಮೆ.

ಮೈಕ್ರೋಸಾಫ್ಟ್ ಕಂಪೈಲರ್‌ನ ಸಿ4996 ಈ ಜಾತಿಗೆ ಸೇರಿದ್ದಲ್ಲ. ಅದು ಸ್ಟ್ರ್‌ಕಾಪಿ ಎಂಬ ಹೆಸರು ಕಂಡರೆ ಸಾಕು, ಅಳತೆ ನೋಡದೆಯೇ ಎಚ್ಚರಿಸುತ್ತದೆ. ಅದು ಸೂಚಿಸುವ ಸ್ಟ್ರ್‌ಕಾಪಿ-ಎಸ್ ಫಂಕ್ಷನ್, ಜಾಗ ಸಾಲದಿದ್ದರೆ ಸಾಮಾನ್ಯವಾಗಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ನಿಮಗೆ ಬೇಕಾದ ನಡವಳಿಕೆ ಅದೇನಾ ಎಂದು ಯೋಚಿಸಿ ಬಳಸಿ. ಜಿಲಿಬ್‌ಸಿಯಲ್ಲಿ ಅದು ಇಲ್ಲವೇ ಇಲ್ಲ, ಆದ್ದರಿಂದ ಲಿನಕ್ಸ್‌ಗೂ ಒಯ್ಯಬೇಕಾದ ಕೋಡಿಗೆ ಒದಗುವುದಿಲ್ಲ.

ಲಕ್ಷಣ: ಸೈಜ್‌ಆಫ್ ಬಗ್ಗೆ ತಕರಾರು

ಸೈಜ್‌ಆಫ್ ಒಂದು ವಸ್ತುವಿನ ಅಳತೆಯನ್ನು ಬೈಟ್‌ಗಳಲ್ಲಿ ಹೇಳುತ್ತದೆ. ಅದರ ತಕರಾರು ಎರಡು ರೂಪದಲ್ಲಿ ಬರುತ್ತದೆ. ಒಂದು, ನೀವು ಅಳತೆ ಕೇಳಿದ್ದು ಮೂಲದ್ದು, ಗುರಿಯದ್ದು ಬೇಕಿತ್ತೇ ಎಂದು ಕಂಪೈಲರ್ ಕೇಳುತ್ತದೆ. ಇಲ್ಲಿ ಅದರ ಊಹೆ ಬಹುಪಾಲು ಸರಿ. ಮೂಲದ ಅಳತೆಯನ್ನು ಮಿತಿಯಾಗಿ ಕೊಟ್ಟ ಸ್ಟ್ರ್‌ಎನ್‌ಕಾಪಿ ಯಾರನ್ನೂ ಕಾಪಾಡುವುದಿಲ್ಲ.

ಇನ್ನೊಂದು, ಫಂಕ್ಷನ್‌ನ ಪ್ಯಾರಾಮೀಟರ್‌ನಲ್ಲಿ 64 ಬೈಟ್‌ನ ಅರೇ ಎಂದು ಬರೆದು, ಒಳಗೆ ಅದರ ಸೈಜ್‌ಆಫ್ ಕೇಳುವುದು. ಪ್ಯಾರಾಮೀಟರ್‌ನಲ್ಲಿ ಅರೇ ಎಂದು ಬರೆದರೂ ಅದು ಪಾಯಿಂಟರೇ. 64 ಬಿಟ್ ಯಂತ್ರದಲ್ಲಿ ಉತ್ತರ 8. ಹೆಸರುಗಳೆಲ್ಲ ಏಳನೆಯ ಅಕ್ಷರಕ್ಕೆ ತುಂಡಾಗುತ್ತಿವೆ ಎಂಬ ದೂರು ಬಳಕೆದಾರರಿಂದ ಬಂದಾಗ ಮೊದಲು ಇದನ್ನೇ ಅನುಮಾನಿಸಿ. ಪರಿಹಾರ: ಅಳತೆಯನ್ನು ಬೇರೆ ಪ್ಯಾರಾಮೀಟರ್ ಆಗಿ ಕಳಿಸುವುದು. ಕರೆಯುವ ಜಾಗಗಳನ್ನೆಲ್ಲ ಬದಲಾಯಿಸಬೇಕಾಗುತ್ತದೆ; ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಲಕ್ಷಣ: ಕೊಟ್ಟ ಮಿತಿ ಗುರಿಯ ಅಳತೆಗೆ ಸಮ ಎನ್ನುತ್ತದೆ

ಇದೇ ಅತಿ ಹೆಚ್ಚು ಕಾಣುವ ಎಚ್ಚರಿಕೆ, ಅತಿ ಹೆಚ್ಚು ತಪ್ಪು ಚಿಕಿತ್ಸೆ ಪಡೆಯುವುದೂ ಇದೇ. 16 ಬೈಟ್‌ನ ಅರೇಗೆ ಸ್ಟ್ರ್‌ಎನ್‌ಕಾಪಿಯಿಂದ 16 ಬೈಟ್ ನಕಲಿಸಿ ಎಂದಿದ್ದೀರಿ. ಮೂಲ 16 ಬೈಟ್ ಅಥವಾ ಹೆಚ್ಚಿದ್ದರೆ ಗುರಿಯಲ್ಲಿ ನಲ್ ಬೈಟ್‌ಗೆ ಜಾಗವೇ ಉಳಿಯುವುದಿಲ್ಲ. ಆಮೇಲೆ ಯಾರಾದರೂ ಅದರ ಮೇಲೆ ಉದ್ದ ಎಣಿಸುವ ಸ್ಟ್ರ್‌ಲೆನ್ ಓಡಿಸಿದರೆ ಅದು ಅರೇ ದಾಟಿ, ಪಕ್ಕದ ಮೆಮೊರಿಯಲ್ಲಿ ಎಲ್ಲಿ ಶೂನ್ಯ ಸಿಗುತ್ತದೋ ಅಲ್ಲಿಯವರೆಗೆ ಓದುತ್ತ ಹೋಗುತ್ತದೆ.

ಸ್ಟ್ರ್‌ಎನ್‌ಕಾಪಿ ಹೀಗೇಕೆ? ಅದನ್ನು ಮಾಡಿದ್ದು ಸುರಕ್ಷಿತ ಸ್ಟ್ರ್‌ಕಾಪಿಯಾಗಿ ಅಲ್ಲ. ಹಳೆಯ ಯೂನಿಕ್ಸ್‌ನಲ್ಲಿ ಡೈರೆಕ್ಟರಿಯ ಒಂದು ದಾಖಲೆಗೆ 16 ಬೈಟ್: ಎರಡು ಬೈಟ್ ಐನೋಡ್ ಸಂಖ್ಯೆಗೆ, ಉಳಿದ 14 ಫೈಲಿನ ಹೆಸರಿಗೆ. ಹೆಸರು ಚಿಕ್ಕದಾದರೆ ಉಳಿದ ಜಾಗಕ್ಕೆಲ್ಲ ಶೂನ್ಯ ತುಂಬಬೇಕು. ಸರಿಯಾಗಿ 14 ಇದ್ದರೆ ಕೊನೆಯ ಗುರುತು ಬೇಕಿಲ್ಲ. ಸರ್ಕಾರಿ ಅರ್ಜಿ ನಮೂನೆಯಲ್ಲಿ ಹೆಸರಿಗೆಂದು ಚೌಕಗಳನ್ನು ಹಾಕಿರುತ್ತಾರಲ್ಲ, ಹಾಗೆ. ಚೌಕಗಳು ಮುಗಿದಲ್ಲಿ ಹೆಸರೂ ಮುಗಿಯಿತು. ಈ ಕೆಲಸಕ್ಕೆ ಸ್ಟ್ರ್‌ಎನ್‌ಕಾಪಿ ಇಂದಿಗೂ ಸರಿಯಾದ ಸಾಧನ. ಸಾಮಾನ್ಯ ಸ್ಟ್ರಿಂಗ್‌ಗಳಿಗೆ ಅದನ್ನು ಎಳೆದು ತಂದದ್ದೇ ತಪ್ಪಾಯಿತು.

ಆದ್ದರಿಂದ ಮೊದಲು ಗುರಿಯ ಜಾತಿ ಗುರುತಿಸಿ. ಅದು ಡಿಸ್ಕ್‌ಗೋ ನೆಟ್‌ವರ್ಕ್‌ಗೋ ಹೋಗುವ ಸ್ಟ್ರಕ್ಟ್‌ನ ಭಾಗವೇ? ಟಾರ್ ಕಡತದ ತಲೆಬರಹದಲ್ಲಿ ಹೆಸರಿಗೆ 100 ಬೈಟ್ ಇದೆ, ಅದು ಪೂರ್ತಿ ತುಂಬಿ ನಲ್ ಇಲ್ಲದೆಯೂ ಇರಬಹುದು. ಯಾರು ಲಾಗಿನ್ ಆಗಿದ್ದಾರೆಂದು ಬರೆದಿಡುವ ಲಿನಕ್ಸ್‌ನ ಯುಟಿಎಂಪಿ ದಾಖಲೆಯ 32 ಬೈಟ್‌ನ ಬಳಕೆದಾರ ಹೆಸರೂ ಹಾಗೆಯೇ. ಸ್ಕಸಿ ಮಾನಕದ ಡಿಸ್ಕ್ ಮುಂತಾದ ಸಾಧನಗಳು ತಮ್ಮ ತಯಾರಕರ ಹೆಸರಿಗೆ 8, ಉತ್ಪನ್ನದ ಹೆಸರಿಗೆ 16 ಬೈಟ್ ಕೊಡುತ್ತವೆ. ಅಲ್ಲಿ ಖಾಲಿ ಜಾಗ ತುಂಬುವುದು ಶೂನ್ಯದಿಂದಲ್ಲ, ಸ್ಪೇಸ್‌ನಿಂದ. ಇನ್ನೊಂದು ಕಡೆ, ಲಿನಕ್ಸ್‌ನ ನೆಟ್‌ವರ್ಕ್ ಇಂಟರ್‌ಫೇಸ್ ಹೆಸರಿನ 16 ಬೈಟ್‌ನಲ್ಲಿ ನಲ್ ಕೂಡ ಸೇರಿದೆ, ಅಂದರೆ ಹೆಸರಿಗೆ ಸಿಗುವುದು 15. ಪ್ರಕ್ರಿಯೆಯ ಹೆಸರಿನ 16 ಬೈಟ್‌ಗೂ ಅದೇ ನಿಯಮ. ಅಳತೆ ಒಂದೇ, ಒಪ್ಪಂದ ಬೇರೆ. ಕೋಡು ನೋಡಿ ಇದನ್ನು ಊಹಿಸಲಾಗದು. ಆ ಸ್ವರೂಪದ ದಾಖಲೆ ತೆರೆಯಲೇಬೇಕು.

ಅಳತೆ ಗೊತ್ತಾದ ಅಂಕಣವೇ ಆಗಿದ್ದರೆ ನಕಲಿನ ಸಾಲನ್ನು ಮುಟ್ಟಬೇಡಿ. ಆ ಅರೇಯ ಘೋಷಣೆಗೆ ‘ನಾನ್‌ಸ್ಟ್ರಿಂಗ್’ ಎಂಬ ಗುಣಲಕ್ಷಣ ಅಂಟಿಸಿ. ಜಿಸಿಸಿ 8ರಿಂದ ಇದು ಲಭ್ಯ. ನಕಲಿನ ಎಚ್ಚರಿಕೆ ನಿಲ್ಲುತ್ತದೆ. ಅಷ್ಟೇ ಅಲ್ಲ, ಆ ಅರೇಯನ್ನು ತಪ್ಪಿ ಸ್ಟ್ರ್‌ಲೆನ್‌ಗೆ ಕೊಟ್ಟವರಿಗೆ ಕಂಪೈಲರ್ ಎಚ್ಚರಿಸತೊಡಗುತ್ತದೆ. ಅಂತಹ ಅಂಕಣವನ್ನು ಮುದ್ರಿಸುವಾಗ ಫಾರ್ಮ್ಯಾಟ್‌ನಲ್ಲಿ ಗರಿಷ್ಠ ಬೈಟ್ ಎಷ್ಟೆಂದು ಹೇಳಲು ಮರೆಯಬೇಡಿ.

ಸ್ಟ್ರಿಂಗೇ ಆಗಿದ್ದರೆ ಜನ ಸಾಮಾನ್ಯವಾಗಿ ಮಾಡುವ ತಿದ್ದುಪಡಿಗಳು ಹೀಗಿವೆ, ನನ್ನ ತೀರ್ಪಿನ ಸಮೇತ.

ಮಿತಿಯಿಂದ ಒಂದು ಕಳೆಯುವುದು. ಎಚ್ಚರಿಕೆ ಹೋಗುತ್ತದೆ, ದೋಷ ಹೋಗದೆ ಇರಬಹುದು. ಕೊನೆಯ ಬೈಟ್ ಮೊದಲೇ ಶೂನ್ಯವಾಗಿದ್ದರೆ ಮಾತ್ರ ಇದು ಸರಿ. ಸ್ಟ್ಯಾಕ್ ಮೇಲಿನ ಅರೇಯಲ್ಲಿ ಅಲ್ಲಿ ಏನಿರುತ್ತದೋ ಯಾರಿಗೆ ಗೊತ್ತು.

ಮುಂದಿನ ಸಾಲಿನಲ್ಲೇ ಕೊನೆಯ ಬೈಟ್‌ಗೆ ನಲ್ ಇಡುವುದು. ಜಿಸಿಸಿ ಇದನ್ನು ಗುರುತಿಸಿ ಸುಮ್ಮನಾಗುತ್ತದೆ. ಮೆಮೊರಿಯ ದೃಷ್ಟಿಯಿಂದ ಸುರಕ್ಷಿತ. ಆದರೆ ಉದ್ದ ಹೆಸರು ಯಾರಿಗೂ ಹೇಳದೆ ತುಂಡಾಗುತ್ತದೆ. ಫೈಲಿನ ದಾರಿ, ಗುಪ್ತಪದ, ಹೋಸ್ಟ್ ಹೆಸರು ಇಂತಹವು ತುಂಡಾದರೆ ಪ್ರೋಗ್ರಾಂ ಬೇರೆಯವರ ಫೈಲನ್ನು ತೆರೆದೀತು.

ಮೆಮ್‌ಕಾಪಿಗೆ ಬದಲಾಯಿಸುವುದು. ಇದು ಎಲ್ಲಕ್ಕಿಂತ ಕೆಟ್ಟ ಮದ್ದು. ಮೆಮ್‌ಕಾಪಿ ಮೂಲದ ಕೊನೆಯನ್ನು ನೋಡುವುದಿಲ್ಲ. ಐದು ಬೈಟ್‌ನ ಮೂಲದಿಂದಲೂ 16 ಬೈಟ್ ಎಳೆಯುತ್ತದೆ. ಬರೆಯುವ ದೋಷ ಇತ್ತೋ ಇಲ್ಲವೋ, ಓದುವ ದೋಷವೊಂದು ಈಗ ಖಂಡಿತ ಸೇರಿತು.

ಸ್ಟ್ರ್‌ಎಲ್‌ಕಾಪಿ ಬಳಸುವುದು. 1998ರಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜೊತೆ ಬಂದದ್ದು, ದೀರ್ಘ ಜಗಳದ ನಂತರ 2023ರ ಜಿಲಿಬ್‌ಸಿ 2.38ರಲ್ಲಿ ಲಿನಕ್ಸ್‌ನ ಸಾಮಾನ್ಯ ಪ್ರೋಗ್ರಾಂಗಳಿಗೂ ಸಿಕ್ಕಿತು. ಗುರಿಯ ಅಳತೆ ಸೊನ್ನೆಯಲ್ಲದಿದ್ದರೆ ನಲ್ ಇಟ್ಟೇ ಇಡುತ್ತದೆ, ಮೂಲದ ಪೂರ್ತಿ ಉದ್ದವನ್ನು ವಾಪಸು ಕೊಡುತ್ತದೆ. ಆ ಸಂಖ್ಯೆ ಗುರಿಯ ಅಳತೆಯಷ್ಟು ಅಥವಾ ಹೆಚ್ಚಿದ್ದರೆ ತುಂಡಾಗಿದೆ ಎಂದರ್ಥ. ಬಳಕೆದಾರ ಮಟ್ಟದ ಕೋಡಿಗೆ ನನ್ನ ಮೊದಲ ಆಯ್ಕೆ ಇದೇ. ಒಂದೇ ಷರತ್ತು: ಅದು ಉದ್ದ ಎಣಿಸಲು ಮೂಲವನ್ನು ಕೊನೆಯವರೆಗೂ ಓದುತ್ತದೆ, ಹಾಗಾಗಿ ಮೂಲಕ್ಕೆ ನಲ್ ಇರಲೇಬೇಕು.

ಲಿನಕ್ಸ್ ಕರ್ನಲ್‌ನವರು ಸ್ಟ್ರ್‌ಎಲ್‌ಕಾಪಿಯನ್ನು ತೆಗೆದುಹಾಕಲು ಒಂದು ಕಾರಣ ಈ ಷರತ್ತೇ, 2024ರ 6.8 ಆವೃತ್ತಿಯಲ್ಲಿ ಅದು ಪೂರ್ತಿ ಹೋಯಿತು. ಅಲ್ಲಿ 2015ರ 4.3ರಿಂದ ಸ್ಟ್ರ್‌ಎಸ್‌ಕಾಪಿ ಇದೆ. ತುಂಡಾದರೆ ಋಣ ಸಂಖ್ಯೆಯ ದೋಷ ಸಂಕೇತ ಕೊಡುತ್ತದೆ, ಪರೀಕ್ಷಿಸುವುದು ಸುಲಭ.

ಕರ್ನಲ್ ಕೋಡಿನಲ್ಲಿ ಸ್ಟ್ರ್‌ಎನ್‌ಕಾಪಿ ತೆಗೆಯುವಾಗ ಒಂದು ಹೊಂಡ ಇದೆ. ಸ್ಟ್ರ್‌ಎನ್‌ಕಾಪಿ ಉಳಿದ ಜಾಗಕ್ಕೆಲ್ಲ ಶೂನ್ಯ ತುಂಬುತ್ತಿತ್ತು, ಸ್ಟ್ರ್‌ಎಸ್‌ಕಾಪಿ ತುಂಬುವುದಿಲ್ಲ. ಆ ಸ್ಟ್ರಕ್ಟ್ ಮುಂದೆ ಬಳಕೆದಾರರ ಮೆಮೊರಿಗೆ ಹಾಗೆಯೇ ನಕಲಾಗುವುದಾದರೆ, ಹೆಸರಿನ ಬೆನ್ನಿಗಿರುವ ಕರ್ನಲ್‌ನ ಹಳೆಯ ಮೆಮೊರಿಯ ಚೂರುಗಳೂ ಹೊರಗೆ ಹೋಗುತ್ತವೆ. ಎಚ್ಚರಿಕೆ ತಿದ್ದಲು ಹೋಗಿ ಮಾಹಿತಿ ಸೋರಿಕೆ ತಂದಂತೆ. ಅಂತಹ ಕಡೆ ಶೂನ್ಯ ತುಂಬುವ ಸ್ಟ್ರ್‌ಎಸ್‌ಕಾಪಿ-ಪ್ಯಾಡ್ ಬಳಸಿ.

ಸ್ಟ್ರ್‌ಎಲ್‌ಕಾಪಿ ಸಿಗದ ಹಳೆಯ ವ್ಯವಸ್ಥೆಯಲ್ಲಿ ಹೀಗೆ ಮಾಡಬಹುದು: ಸ್ಟ್ರ್‌ಎನ್‌ಲೆನ್‌ನಿಂದ ಗುರಿಯ ಅಳತೆಯ ಮಿತಿಯೊಳಗೆ ಮೂಲದ ಉದ್ದ ಅಳೆಯಿರಿ. ಉತ್ತರ ಗುರಿಯ ಅಳತೆಗೆ ಸಮವಾದರೆ ಹಿಡಿಸುವುದಿಲ್ಲ ಎಂದು ದೋಷ ವಾಪಸು ಕೊಡಿ. ಇಲ್ಲವಾದರೆ ಉದ್ದಕ್ಕೆ ಒಂದು ಕೂಡಿಸಿ ಮೆಮ್‌ಕಾಪಿ ಮಾಡಿ. ಇಲ್ಲಿ ಮೆಮ್‌ಕಾಪಿ ನಿರಪಾಯ, ಏಕೆಂದರೆ ಎಷ್ಟು ಓದಬೇಕೆಂದು ಅಳೆದಾಗಿದೆ.

ಇದೇ ಮಾತಿನ ಎಚ್ಚರಿಕೆ, ಒಂದು ಸ್ಟ್ರಿಂಗಿನ ಕೊನೆಗೆ ಇನ್ನೊಂದನ್ನು ಸೇರಿಸುವ ಸ್ಟ್ರ್‌ಎನ್‌ಕ್ಯಾಟ್‌ಗೂ ಬರುತ್ತದೆ, ಆದರೆ ಅಲ್ಲಿ ಕಾಯಿಲೆ ಬೇರೆ ಮತ್ತು ಇನ್ನೂ ಉಗ್ರ. ಸ್ಟ್ರ್‌ಎನ್‌ಕ್ಯಾಟ್‌ನ ಮೂರನೆಯ ಸಂಖ್ಯೆ ಗುರಿಯ ಒಟ್ಟು ಅಳತೆಯಲ್ಲ. ಇನ್ನೆಷ್ಟು ಬೈಟ್ ಸೇರಿಸಬಹುದು ಎಂಬುದು. ನಲ್ ಅದರ ಮೇಲೆ ಹೆಚ್ಚುವರಿ. ಒಟ್ಟು ಅಳತೆ ಕೊಟ್ಟಿದ್ದರೆ ಅದು ನೇರ ಮಿತಿಮೀರಿದ ಬರವಣಿಗೆ.

ಲಕ್ಷಣ: ಮಿತಿ ಮೂಲದ ಉದ್ದವನ್ನು ಅವಲಂಬಿಸಿದೆ ಎನ್ನುತ್ತದೆ

ಮೂಲದ ಸ್ಟ್ರ್‌ಲೆನ್ ಅನ್ನೇ ಮಿತಿಯಾಗಿ ಕೊಟ್ಟ ಸ್ಟ್ರ್‌ಎನ್‌ಕಾಪಿ ಇದು. ನಲ್ ನಕಲಾಗುವುದಿಲ್ಲ, ಗುರಿಯ ಅಳತೆಯ ಪರಿವೆಯೂ ಇಲ್ಲ. ಸ್ಟ್ರ್‌ಕಾಪಿ ಅಪಾಯಕಾರಿ ಎಂದು ಯಾರೋ ಹೇಳಿದ್ದಕ್ಕೆ ಹೆಸರಿಗೊಂದು ‘ಎನ್’ ಸೇರಿಸಿದ ಕೋಡು ಹೀಗಿರುತ್ತದೆ. ಗುರಿಯ ಅಳತೆ ಹುಡುಕಿ, ಹಿಂದಿನ ಭಾಗದಂತೆ ತಿದ್ದಿ.

ಲಕ್ಷಣ: ಎಸ್‌ಎನ್‌ಪ್ರಿಂಟ್‌ಎಫ್ ಫಲಿತಾಂಶ ತುಂಡಾಗಬಹುದು ಎನ್ನುತ್ತದೆ

ಡಬ್ಲ್ಯೂ-ಆಲ್ ಜೊತೆ ಬರುವ ಮೊದಲ ಮಟ್ಟದಲ್ಲಿ ಈ ಎಚ್ಚರಿಕೆಗೆ ಒಂದು ಸ್ವಭಾವ ಇದೆ: ಎಸ್‌ಎನ್‌ಪ್ರಿಂಟ್‌ಎಫ್ ವಾಪಸು ಕೊಟ್ಟ ಸಂಖ್ಯೆಯನ್ನು ನೀವು ಬಳಸದಿದ್ದರೆ ಮಾತ್ರ ದೂರುತ್ತದೆ. ಆದ್ದರಿಂದ ಸರಿಯಾದ ಪರಿಹಾರವೂ ಎಚ್ಚರಿಕೆ ನಿಲ್ಲಿಸುವ ದಾರಿಯೂ ಇಲ್ಲಿ ಒಂದೇ. ವಾಪಸು ಬಂದದ್ದು ಋಣವಾಗಿದ್ದರೆ ದೋಷ. ಗುರಿಯ ಅಳತೆಯಷ್ಟು ಅಥವಾ ಹೆಚ್ಚಾದರೆ ತುಂಡಾಗಿದೆ. ಎರಡನ್ನೂ ಪರೀಕ್ಷಿಸಿ ಏನಾದರೂ ಮಾಡಿ. ಬಫರನ್ನು ಸುಮ್ಮನೆ 256ರಿಂದ 512ಕ್ಕೆ ಏರಿಸುವುದು ಕೆಲವೊಮ್ಮೆ ಸರಿ, ಆದರೆ ಕರ್ನಲ್‌ನಲ್ಲಿ ಮತ್ತು ಚಿಕ್ಕ ಮೈಕ್ರೋಕಂಟ್ರೋಲರ್‌ಗಳಲ್ಲಿ ಸ್ಟ್ಯಾಕ್ ಪುಕ್ಕಟೆ ಸಿಗುವುದಲ್ಲ.

ಲೂಪಿನೊಳಗೆ ಎಸ್‌ಎನ್‌ಪ್ರಿಂಟ್‌ಎಫ್‌ನ ಉತ್ತರವನ್ನು ಸ್ಥಾನಕ್ಕೆ ಕೂಡಿಸುತ್ತ ಹೋಗುವ ಕೋಡಿದ್ದರೆ ನಿಂತು ನೋಡಿ. ಅದು ಕೊಡುವುದು ಬರೆದ ಬೈಟ್‌ಗಳ ಲೆಕ್ಕವಲ್ಲ, ಜಾಗ ಇದ್ದಿದ್ದರೆ ಎಷ್ಟು ಬರೆಯುತ್ತಿತ್ತು ಎಂಬ ಲೆಕ್ಕ. ಒಮ್ಮೆ ತುಂಡಾದರೆ ಸ್ಥಾನ ಬಫರನ್ನು ದಾಟುತ್ತದೆ, ಉಳಿದ ಜಾಗದ ಲೆಕ್ಕ ಶೂನ್ಯದ ಕೆಳಗೆ ಹೋಗಿ ಅಗಾಧ ಧನ ಸಂಖ್ಯೆಯಾಗುತ್ತದೆ. ಮುಂದಿನ ಸುತ್ತು ಎಲ್ಲೆಂದರಲ್ಲಿ ಬರೆಯುತ್ತದೆ.

ಕನ್ನಡ ಪಠ್ಯ ಹಾದುಹೋಗುವ ಪ್ರೋಗ್ರಾಂಗಳಲ್ಲಿ ತುಂಡಾಗುವುದಕ್ಕೆ ಇನ್ನೊಂದು ಮುಖ ಇದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ, ಒತ್ತು ಮೂಡಿಸುವ ಹಲಂತ ಒಂದೊಂದೂ ಬೇರೆ ಸಂಕೇತ) ಮೂರು ಬೈಟ್. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಸಂಕೇತಗಳಲ್ಲಿ ಐದು, ಬೈಟ್‌ಗಳಲ್ಲಿ 15. ನಲ್ ಸೇರಿ 16. ‘ಬೆಂಗಳೂರು’ 24 ಬೈಟ್. 16 ಬೈಟ್‌ನ ಬಫರಿಗೆ ಅದನ್ನು ಹಾಕಿದರೆ ‘ಬೆಂಗಳ’ ಎಂದು ನಿಲ್ಲುತ್ತದೆ, ಓದಲಂತೂ ಬರುತ್ತದೆ. 32 ಬೈಟ್‌ನ ಬಫರಿಗೆ ಉದ್ದನೆಯ ಒಂದೇ ಪದ ಹಾಕಿದರೆ 31 ಬೈಟ್ ಹಿಡಿಸಿ, ಹತ್ತು ಸಂಕೇತಗಳ ನಂತರ ಒಂದು ಅನಾಥ ಬೈಟ್ ಉಳಿಯುತ್ತದೆ. ಪರದೆಯ ಮೇಲೆ ಪ್ರಶ್ನಾರ್ಥಕ ವಜ್ರ ಕಾಣಿಸುತ್ತದೆ, ಡೇಟಾಬೇಸ್ ಆ ದಾಖಲೆಯನ್ನು ತಿರಸ್ಕರಿಸಬಹುದು. 16ರಲ್ಲಿ ಪರೀಕ್ಷೆ ಪಾಸಾಗಿ 32ರಲ್ಲಿ ಕೆಡುವುದರ ಗುಟ್ಟು ಇಷ್ಟೇ: 15 ಮೂರರಿಂದ ಭಾಗವಾಗುತ್ತದೆ, 31 ಆಗುವುದಿಲ್ಲ. ಕತ್ತರಿಸಲೇಬೇಕಾದರೆ ಕತ್ತರಿ ಬೀಳುವ ಸ್ಥಳದ ಬೈಟ್ ನೋಡಿ. ಅದರ ಮೇಲಿನ ಎರಡು ಬಿಟ್ 10 ಆಗಿದ್ದರೆ ಅದು ಸಂಕೇತದ ನಡುಭಾಗ, ಹಾಗಿಲ್ಲದ ಬೈಟ್ ಸಿಗುವವರೆಗೆ ಹಿಂದೆ ಸರಿಯಿರಿ. ಇಷ್ಟು ಮಾಡಿದರೂ ಒತ್ತಕ್ಷರದ ನಡುವೆ ಕತ್ತರಿ ಬೀಳಬಹುದು. ಪೂರ್ಣ ಅಕ್ಷರದ ಗಡಿ ಬೇಕಿದ್ದರೆ ಯೂನಿಕೋಡ್ ನಿಭಾಯಿಸುವ ಐಸಿಯುನಂತಹ ಲೈಬ್ರರಿ ಬೇಕು. ಸ್ವಂತವಾಗಿ ಬರೆಯಲು ಹೋಗಬೇಡಿ.

ಲಕ್ಷಣ: ನಾಲ್ಕು ಬೈಟ್‌ನ ಗುರುತು ಬರೆದ ಸಾಲಿಗೆ ಜಿಸಿಸಿ 15 ಎಚ್ಚರಿಸುತ್ತದೆ

ನಾಲ್ಕು ಬೈಟ್‌ನ ಅರೇಗೆ ನಾಲ್ಕು ಅಕ್ಷರದ ಸ್ಟ್ರಿಂಗನ್ನು ಆರಂಭ ಬೆಲೆಯಾಗಿ ಕೊಟ್ಟಿದ್ದೀರಿ, ನಲ್ ಬಿದ್ದುಹೋಗಿದೆ. ಸಿ ಭಾಷೆ ಇದನ್ನು ಒಪ್ಪುತ್ತದೆ, ಸಿ++ ಒಪ್ಪುವುದಿಲ್ಲ. ಯಂತ್ರದ ಹಾರ್ಡ್‌ವೇರ್ ವಿವರ ಹೇಳುವ ಎಸಿಪಿಐ ಕೋಷ್ಟಕಗಳ ಸಹಿಯಂತಹ ಕಡೆ ಇದು ಬೇಕೆಂದೇ ಮಾಡಿದ್ದು. ನಾನ್‌ಸ್ಟ್ರಿಂಗ್ ಗುಣಲಕ್ಷಣ ಅಂಟಿಸಿ ಮುಂದೆ ಹೋಗಿ. ಬೇಕೆಂದು ಮಾಡಿದ್ದಲ್ಲವಾದರೆ ಅಳತೆಯ ಸಂಖ್ಯೆಯನ್ನೇ ತೆಗೆದು ಕಂಪೈಲರ್‌ಗೆ ಎಣಿಸಲು ಬಿಡಿ.

ಲಕ್ಷಣ: 8 ಬೈಟ್‌ನ ಜಾಗಕ್ಕೆ 12 ಬೈಟ್ ಬರೆಯಲಾಗುತ್ತಿದೆ ಎನ್ನುತ್ತದೆ

ನಿಲ್ಲಿ. ಎರಡೂ ಸಂಖ್ಯೆಗಳನ್ನು ಖಚಿತವಾಗಿ ಹೇಳಿ, ಬಹುದು ಎಂಬ ಮಾತೇ ಇಲ್ಲದ ಎಚ್ಚರಿಕೆ ಬಂದರೆ ಅದನ್ನು ದೋಷವೆಂದೇ ಎಣಿಸಿ. ನಕಲಿನ ಅಳತೆಗಳನ್ನು ಪರೀಕ್ಷಿಸುವ ಕರ್ನಲ್‌ನ ಫೋರ್ಟಿಫೈ ವ್ಯವಸ್ಥೆ ಚಾಲೂ ಇದ್ದರೆ ಇದು ಎಚ್ಚರಿಕೆಯಾಗಿ ಉಳಿಯದೆ ಬಿಲ್ಡನ್ನೇ ಮುರಿಯುತ್ತದೆ.

ಇಲ್ಲಿ ಕೈಗೆ ಬರುವ ಮೊದಲ ಉಪಾಯ ಅರೇಯನ್ನು ದೊಡ್ಡದು ಮಾಡುವುದು. ಅದು ಸ್ಥಳೀಯ ಅರೇ ಆಗಿದ್ದರೆ ಮಾಡಿ. ಸ್ಟ್ರಕ್ಟ್‌ನ ಒಳಗಿನದಾದರೆ ಆ ಸ್ಟ್ರಕ್ಟ್ ಎಲ್ಲೆಲ್ಲಿ ಹೋಗುತ್ತದೆ ಎಂದು ಪತ್ತೆ ಮಾಡುವವರೆಗೆ ಮುಟ್ಟಬೇಡಿ. ಫೈಲಿಗೆ ಬರೆಯುವ, ನೆಟ್‌ವರ್ಕ್‌ನಲ್ಲಿ ಕಳಿಸುವ, ಐಆಕ್ಟಲ್ ಎಂಬ ಸಿಸ್ಟಂ ಕರೆಯ ಮೂಲಕ ಕರ್ನಲ್‌ಗೆ ದಾಟಿಸುವ, ಈಗಾಗಲೇ ಬಿಡುಗಡೆಯಾದ ಲೈಬ್ರರಿಯ ಹೆಡರ್‌ನಲ್ಲಿರುವ ಸ್ಟ್ರಕ್ಟ್‌ನ ಅಳತೆ ಬದಲಾದರೆ ಹಳೆಯ ಫೈಲು ಓದಲು ಬರುವುದಿಲ್ಲ, ಹಳೆಯ ಪ್ರೋಗ್ರಾಂ ಹೊಸ ಲೈಬ್ರರಿಯೊಂದಿಗೆ ಕೆಡುತ್ತದೆ. ಅಲ್ಲಿ ಉದ್ದವಾದದ್ದನ್ನು ನಿರಾಕರಿಸುವುದೇ ಉಳಿದ ದಾರಿ.

ಲಕ್ಷಣ: ಶೂನ್ಯ ಅಳತೆಯ ಜಾಗಕ್ಕೆ ಬರೆಯುತ್ತಿದ್ದೀರಿ ಎನ್ನುತ್ತದೆ

ಹಾರ್ಡ್‌ವೇರ್‌ಗೆ ಹತ್ತಿರದ ಕೋಡಿನಲ್ಲಿ ಇದು ಹೆಚ್ಚಾಗಿ ಕಂಪೈಲರ್‌ನ ತಪ್ಪು ತಿಳಿವಳಿಕೆ. ಒಂದು ಸಂಖ್ಯೆಯನ್ನು ನೇರ ಪಾಯಿಂಟರ್ ಮಾಡಿ ಆ ವಿಳಾಸಕ್ಕೆ ನಕಲಿಸುತ್ತಿದ್ದೀರಿ. ವಿಳಾಸ ಚಿಕ್ಕದಾದರೆ ಜಿಸಿಸಿ ಅದನ್ನು ಶೂನ್ಯ ಪಾಯಿಂಟರ್‌ನಿಂದ ಹುಟ್ಟಿದ್ದೆಂದು ಭಾವಿಸಿ, ಅಲ್ಲಿ ವಸ್ತುವೇ ಇಲ್ಲ ಎನ್ನುತ್ತದೆ. ಜಿಸಿಸಿ 12ರಿಂದ ‘ಮಿನ್-ಪೇಜ್‌ಸೈಜ್’ ಎಂಬ ಪ್ಯಾರಾಮೀಟರನ್ನು ಶೂನ್ಯಕ್ಕೆ ಇಟ್ಟರೆ ಈ ಊಹೆ ನಿಲ್ಲುತ್ತದೆ. ಇನ್ನೂ ಅಚ್ಚುಕಟ್ಟು ದಾರಿ: ಆ ಜಾಗಕ್ಕೆ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಹೆಸರು ಕೊಟ್ಟು, ಸಿ ಕೋಡಿನಲ್ಲಿ ಅದನ್ನು ಅಳತೆಯಿಲ್ಲದ ಅರೇ ಎಂದು ಘೋಷಿಸುವುದು.

ಆದರೆ ಸಾಧನದ ರಿಜಿಸ್ಟರ್ ವಿಳಾಸಕ್ಕೆ ಸ್ಟ್ರ್‌ಕಾಪಿಯನ್ನೇ ಓಡಿಸುತ್ತಿದ್ದರೆ ಎಚ್ಚರಿಕೆ ಸುಳ್ಳಾದರೂ ಕೋಡು ತಪ್ಪು. ಲೈಬ್ರರಿ ಫಂಕ್ಷನ್ ಎಷ್ಟು ಅಗಲದಲ್ಲಿ, ಯಾವ ಕ್ರಮದಲ್ಲಿ ಬರೆಯುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ಫ್ಲ್ಯಾಶ್ ನಿಯಂತ್ರಕ ಅಥವಾ ಬೂಟ್‌ಲೋಡರ್‌ನ ಪ್ರದೇಶವಾದರೆ ಬೋರ್ಡೇ ಏಳದಂತಾಗಬಹುದು. ಮರುಸ್ಥಾಪನೆಯ ದಾರಿ ಕೈಯಲ್ಲಿ ಇಟ್ಟುಕೊಳ್ಳದೆ ಅಲ್ಲಿ ಪ್ರಯೋಗ ಬೇಡ.

ಲಕ್ಷಣ: ಮೂಲ ಮತ್ತು ಗುರಿ ಒಂದರ ಮೇಲೊಂದು ಬರುತ್ತಿವೆ ಎನ್ನುತ್ತದೆ

ಬಫರಿಗೆ ಅದೇ ಬಫರಿನ ಭಾಗವನ್ನು ನಕಲಿಸುತ್ತಿದ್ದೀರಿ. ಜಾಗಗಳು ಅತಿಕ್ರಮಿಸಿದರೂ ಸರಿಯಾಗಿ ನಕಲಿಸುವ ಮೆಮ್‌ಮೂವ್ ಬಳಸಿ, ಉದ್ದಕ್ಕೆ ನಲ್‌ನ ಒಂದನ್ನು ಕೂಡಿಸಿ. ಇಷ್ಟು ವರ್ಷ ಓಡಿದೆಯಲ್ಲ ಎನ್ನುವವರಿಗೆ 2010ರ ಫೆಡೋರಾ 14 ಎಂಬ ಲಿನಕ್ಸ್ ವಿತರಣೆಯ ಉದಾಹರಣೆ ಸಾಕು. ಆಗ ಜಿಲಿಬ್‌ಸಿಯ ಮೆಮ್‌ಕಾಪಿ ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯ ಬೈಟ್‌ನಿಂದ ಮೊದಲಿನ ಕಡೆಗೆ ನಕಲಿಸತೊಡಗಿತು. ಅತಿಕ್ರಮಿಸುವ ಜಾಗಗಳಿಗೆ ಮೆಮ್‌ಕಾಪಿ ಬಳಸಿದ್ದ ಫ್ಲ್ಯಾಶ್ ಪ್ಲೇಯರ್‌ನ ಧ್ವನಿ ಕೆಟ್ಟಿತು.

ಲಕ್ಷಣ: ಎಚ್ಚರಿಕೆ ಒಂದೂ ಇಲ್ಲ, ಓಡುವಾಗ ಸಾಯುತ್ತದೆ

ಬಫರ್ ಮೀರಿದ್ದು ಪತ್ತೆಯಾಗಿದೆ ಎಂದು ನಕ್ಷತ್ರಗಳ ನಡುವೆ ಬರೆದು ಪ್ರೋಗ್ರಾಂ ನಿಂತರೆ ಜಿಲಿಬ್‌ಸಿಯ ಫೋರ್ಟಿಫೈ ಹಿಡಿದಿದೆ. ಸ್ಟ್ಯಾಕ್ ಜಜ್ಜಿಹೋಗಿದೆ ಎಂಬ ಸಂದೇಶವಾದರೆ ಕಂಪೈಲರ್ ಸ್ಟ್ಯಾಕ್‌ನಲ್ಲಿ ಇಟ್ಟ ಕಾವಲು ಬೆಲೆ ಕೆಟ್ಟದ್ದು ಫಂಕ್ಷನ್ ಮುಗಿಯುವಾಗ ಗೊತ್ತಾಗಿದೆ. ತಪ್ಪು ಸಾಲು ಅದಕ್ಕಿಂತ ಮೊದಲೇ ಎಲ್ಲೋ ಇದೆ.

ಡೀಬಗ್ ಮಾಹಿತಿಯೊಂದಿಗೆ, ಓಡುವಾಗ ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಮತ್ತೆ ಕಟ್ಟಿ, ಅದೇ ಇನ್‌ಪುಟ್ ಕೊಡಿ. ತಪ್ಪಿದ ಸಾಲು, ಮೀರಿದ ಬೈಟ್, ಮೆಮೊರಿ ಪಡೆದ ಸ್ಥಳ ಮೂರನ್ನೂ ತೋರಿಸುತ್ತದೆ. ಅದಕ್ಕೂ ಒಂದು ಕುರುಡು ಚುಕ್ಕೆ ಇದೆ: ಒಂದೇ ಸ್ಟ್ರಕ್ಟ್‌ನೊಳಗೆ ಹೆಸರಿನ ಅಂಕಣ ಉಕ್ಕಿ ಪಕ್ಕದ ಅಂಕಣಕ್ಕೆ ಹರಿದರೆ ಅದಕ್ಕೆ ಕಾಣುವುದಿಲ್ಲ. ಸ್ಟ್ರ್‌ಕಾಪಿಯಂತಹ ಕರೆಗಳಲ್ಲಿ ಫೋರ್ಟಿಫೈನ ಎರಡನೆಯ ಮಟ್ಟ ಅದನ್ನು ಹಿಡಿಯಬಲ್ಲದು, ಆದರೆ ಆಪ್ಟಿಮೈಸೇಶನ್ ಚಾಲೂ ಇರಬೇಕು. ಎರಡನ್ನೂ ಬೇರೆ ಬೇರೆ ಬಿಲ್ಡ್‌ಗಳಲ್ಲಿ ಓಡಿಸಿ. ಸ್ಯಾನಿಟೈಜರ್ ಇರುವ ಬಿಲ್ಡನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ, ಗ್ರಾಹಕರ ಯಂತ್ರಕ್ಕೆ ಕಳಿಸಬೇಡಿ.

ಬಾಯಿ ಮುಚ್ಚಿಸುವುದು ಮತ್ತು ನೆರವು ಕೇಳುವುದು

ಎಚ್ಚರಿಕೆ ಸುಳ್ಳೆಂದು ಸಾಬೀತಾದಾಗ, ಆ ಒಂದು ಕರೆಯ ಸುತ್ತ ಮಾತ್ರ ಪ್ರಾಗ್ಮಾದಿಂದ (ಕೋಡಿನಲ್ಲೇ ಕಂಪೈಲರ್‌ಗೆ ಕೊಡುವ ಸೂಚನೆಯಿಂದ) ಅದನ್ನು ಅಡಗಿಸಿ, ಪಕ್ಕದಲ್ಲಿ ಕಾರಣ ಬರೆಯಿರಿ. ಇನ್‌ಲೈನ್ ಆದ ಫಂಕ್ಷನ್‌ಗಳಲ್ಲಿ ಕೆಲವು ಜಿಸಿಸಿ ಆವೃತ್ತಿಗಳು ಪ್ರಾಗ್ಮಾದ ಮಾತು ಕೇಳುವುದಿಲ್ಲ. ಆಗ ಕರೆಯುವ ಫಂಕ್ಷನ್‌ನ ಸುತ್ತ ಇಡಬೇಕಾಗುತ್ತದೆ. ಇಡೀ ಯೋಜನೆಗೆ ಫ್ಲಾಗ್ ಹಾಕಿ ಅಡಗಿಸುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಬರುವ ನಿಜವಾದ ದೋಷವೂ ಅದರಡಿ ಹೂತುಹೋಗುತ್ತದೆ.

ಒಬ್ಬರೇ ಮುಂದುವರಿಯಬಾರದ ಸಂದರ್ಭಗಳೂ ಇವೆ. ಉಕ್ಕುವ ಬಫರಿಗೆ ನೆಟ್‌ವರ್ಕ್‌ನಿಂದಲೋ ಬೇರೆ ಬಳಕೆದಾರರಿಂದಲೋ ಬಂದ ಪಠ್ಯ ತಲುಪುತ್ತದೆ ಎಂದು ಗೊತ್ತಾದರೆ ಅದು ಭದ್ರತಾ ದೋಷ. ಸಾರ್ವಜನಿಕ ಬಗ್ ಪಟ್ಟಿಯಲ್ಲಿ ಹಾಕದೆ ಆ ಯೋಜನೆಯ ಭದ್ರತಾ ತಂಡಕ್ಕೆ ಖಾಸಗಿಯಾಗಿ ಬರೆಯಿರಿ. ವಾಹನ, ವೈದ್ಯಕೀಯ ಉಪಕರಣ, ವಿದ್ಯುತ್ ನಿಯಂತ್ರಣದ ಕೋಡಾದರೆ ಒಂದು ಸಾಲಿನ ತಿದ್ದುಪಡಿಯೂ ಅಲ್ಲಿನ ಪರಿಶೀಲನಾ ಕ್ರಮ ದಾಟಿಯೇ ಹೋಗಬೇಕು. ಸ್ವರೂಪದ ದಾಖಲೆಯೇ ಸಿಗದ ಹಳೆಯ ಸ್ಟ್ರಕ್ಟ್ ಆದರೆ ಅದನ್ನು ಓದುವ ಇನ್ನೊಂದು ತುದಿಯ ಪ್ರೋಗ್ರಾಂ ನೋಡಿಕೊಳ್ಳುವವರನ್ನು ಕೇಳಿ.

ಕಂಪೈಲರ್‌ನದೇ ತಪ್ಪೆಂಬ ಅನುಮಾನ ಉಳಿದರೆ ಪ್ರಿಪ್ರೊಸೆಸರ್ ದಾಟಿದ ಫೈಲನ್ನು ಉಳಿಸಿಕೊಂಡು, ಎಚ್ಚರಿಕೆ ಉಳಿಯುವಷ್ಟೇ ಸಾಲುಗಳಿಗೆ ಇಳಿಸಿ. ಹಾಗೆ ಇಳಿಸುವಾಗಲೇ ಎಷ್ಟೋ ಸಲ ಕೋಡಿನ ತಪ್ಪು ಎದ್ದು ಕಾಣುತ್ತದೆ. ಕಾಣದಿದ್ದರೆ ಆ ಚಿಕ್ಕ ಫೈಲು, ಕಂಪೈಲರ್‌ನ ಪೂರ್ಣ ಆವೃತ್ತಿ, ಗುರಿಯ ಪ್ರೊಸೆಸರ್, ಬಳಸಿದ ಎಲ್ಲ ಫ್ಲಾಗ್‌ಗಳು ಮತ್ತು ಟಿಪ್ಪಣಿ ಸಾಲುಗಳ ಸಮೇತ ಎಚ್ಚರಿಕೆಯ ಪೂರ್ತಿ ಪಠ್ಯವನ್ನು ಜಿಸಿಸಿಯ ದೋಷ ವರದಿ ತಾಣವಾದ ಬಗ್‌ಜಿಲ್ಲಾಗೆ ಹಾಕಿ. ಪರದೆಯ ಚಿತ್ರ ಬೇಡ, ಪಠ್ಯವನ್ನೇ ಕಳಿಸಿ.